ಕಂಬದ ನೆತ್ತಿಯ ಕಡ್ಡಿ

ಬಸ್ಸು ಎಷ್ಟು ಗಂಟೆಗೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಒಂದು ಗಂಟೆ ಹೇಳುವುದಿಲ್ಲ. ‘ಹತ್ತರಿಂದ ಹನ್ನೊಂದರೊಳಗೆ’ ಎನ್ನುತ್ತೇನೆ. ಕೇಳಿದವರು ಮುಖ ಸಿಂಡರಿಸುತ್ತಾರೆ, ಮನೆಯಲ್ಲಿ ಮಕ್ಕಳು ನಗುತ್ತಾರೆ. ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ, ಆಳಂದದ ಒಬ್ಬ ಹೆಣ್ಣುಮಗಳು ಹಚ್ಚಿ ಹೋದದ್ದು. ಕಳೆದ ತಿಂಗಳು ಅವರಿಗೆ ಮಣ್ಣು ಕೊಟ್ಟು ಬಂದೆವು. ಬಂದಾಗಿನಿಂದ ಸುಮ್ಮನೆ ಕುಳಿತರೂ ಅವರ ದನಿ ಕಿವಿಯಲ್ಲಿ ಕೇಳಿಸುತ್ತದೆ. ಮೆಲ್ಲಗೆ ಕೇಳಿಸುವ ದನಿಯೂ ಅದಲ್ಲ.

ನಮ್ಮದು ಬೇಸಾಯದ ಪ್ರಯೋಗಗಳ ಕಚೇರಿ. ಹೊಸ ಬೀಜ ಬಂದರೆ ಅದನ್ನು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನ ರೈತರ ಹೊಲಗಳಲ್ಲೇ ಬಿತ್ತಿಸಿ, ಪಕ್ಕದಲ್ಲಿ ಹಳೆಯ ಬೀಜವನ್ನೂ ಬಿತ್ತಿಸಿ, ರಾಶಿಯಾದಾಗ ಎರಡನ್ನೂ ತೂಗಿ, ಯಾವುದು ಮೇಲು ಎಂದು ಹೇಳುವುದು ನಮ್ಮ ಕೆಲಸ. ನಾನು ಜೇವರ್ಗಿ ಕಡೆಯ ಹೊಲ ತಿರುಗುವವನು. ಅಂದೋಲಾ ನನ್ನ ಊರೇ ಆದ್ದರಿಂದ ಆ ತಾಲೂಕಿನ ಬಗ್ಗೆ ನನಗೆ ತುಸು ಹೆಚ್ಚೇ ಅಭಿಮಾನ. ಆಳಂದದ ಆ ಹೆಣ್ಣುಮಗಳು ಕಚೇರಿಯ ಲೆಕ್ಕದವರು. ನಾವು ಹೊಲದಿಂದ ತಂದು ಸುರಿದ ಅಂಕಿಗಳನ್ನು ಹಸನು ಮಾಡಿ, ಸರಾಸರಿ ತೆಗೆದು, ಗ್ರಾಫ್ ಬರೆಯುತ್ತಿದ್ದರು. ಕಚೇರಿಗೆ ಅವರು ಮೇಡಂ, ಹಳ್ಳಿಯವರ ಬಾಯಲ್ಲಿ ಆಪಾ, ಅಂದರೆ ಅಕ್ಕ.

ಗಿಡ್ಡ ದೇಹ, ದೊಡ್ಡ ದನಿ. ಹಿರಿಯರು ಎದುರಿಗೆ ಬಂದರೆ ಸೆರಗು ತಲೆಯ ಮೇಲೆ ಏರುತ್ತಿತ್ತು, ದನಿ ಮಾತ್ರ ಇಳಿಯುತ್ತಿರಲಿಲ್ಲ. ಮೇಜಿನ ಖಾನೆಯಲ್ಲಿ ಹುರಿದ ಶೇಂಗಾ ಮತ್ತು ಬೆಲ್ಲ ಸದಾ ಇರುತ್ತಿದ್ದವು. ಕೇಳಿದರೆ ಬೊಗಸೆ ತುಂಬ ಕೊಡುವರು, ಕೇಳದೆ ಕೈ ಹಾಕಿದರೆ ಸ್ಕೇಲಿನಿಂದ ಬೆರಳಿಗೆ ಪೆಟ್ಟು. ಪೆನ್ನನ್ನು ಯಾರಿಗೂ ಕೊಟ್ಟವರಲ್ಲ. ಫ್ಯಾನು ಅವರ ಶತ್ರು. ಕಾಗದಗಳು ಹಾರುತ್ತವೆಂದು ಏಪ್ರಿಲ್ ತಿಂಗಳಲ್ಲೂ ಅದನ್ನು ನಿಲ್ಲಿಸಿ ನಮ್ಮನ್ನೆಲ್ಲ ಬೇಯಿಸುತ್ತಿದ್ದರು. ಕಲಬುರ್ಗಿ ಕಡೆಯ ಏಪ್ರಿಲ್ ಎಂದರೆ ಏನೆಂದು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಅವರ ಮಾತು ಒಂದೇ. “ಎಷ್ಟು ಅಂತ ಹೇಳಬ್ಯಾಡ್ರಿ. ಎಷ್ಟರಿಂದ ಎಷ್ಟರ ತನಕ ಅಂತ ಹೇಳ್ರಿ.” ಚಹಾದ ಹುಡುಗನಿಗೂ ಇದೇ, ಡ್ರೈವರನಿಗೂ ಇದೇ, ಸಾಹೇಬರಿಗೂ ಇದೇ. ಒಮ್ಮೆ ಯಾವುದೋ ಫಾರಂ ತುಂಬುವಾಗ ಗುಮಾಸ್ತ ಅವರ ವಯಸ್ಸು ಕೇಳಿದ. “ನಲವತ್ತರಿಂದ ನಲವತ್ತೆರಡು,” ಅಂದರು. ಅವನು ಪೆನ್ನು ಹಿಡಿದು ಕಾಯುತ್ತಲೇ ಇದ್ದ. “ಅರೇ, ಸಾಲಿಗೆ ಹಚ್ಚುವಾಗ ಮಾಸ್ತರು ನನ್ನ ಎತ್ತರ ನೋಡಿ ತಾರೀಖು ಬರದಾರ. ನಾ ಮೊದಲೇ ಗಿಡ್ಡ. ಅದರ ಮ್ಯಾಲ ನಾ ಹೆಂಗ ಪಕ್ಕಾ ಹೇಳ್ಲಿ?” ಅಂದರು. ಅವನು ಕೊನೆಗೆ ಏನು ಬರೆದನೋ ನನಗೆ ಗೊತ್ತಿಲ್ಲ.

ಕಂಪ್ಯೂಟರ್ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅದಕ್ಕೊಂದು ಪ್ರತ್ಯೇಕ ಕೋಣೆ, ಬಾಗಿಲಿಗೆ ಪರದೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಸಾಹೇಬರು ಪೂಜೆ ಮಾಡಿಸಿದರು. ಕುಂಕುಮ ಹಚ್ಚುವವರೆಗೆ ಮೇಡಂ ಕೈಕಟ್ಟಿ ನಿಂತಿದ್ದರು. ತೆಂಗಿನಕಾಯಿ ಎತ್ತಿದ ಕೂಡಲೆ ಅಡ್ಡ ಬಂದು, “ಕಾಯಿ ಹೊರಗ ಒಡೀರಿ. ನೀರು ಸಿಡಿದ್ರ ಮಿಶನ್ ಹೋಗ್ತದ, ದೇವರೂ ಉಳಸಂಗಿಲ್ಲ,” ಅಂದರು. ಮರುದಿನ ಮನೆಯಿಂದ ತಾವೇ ಕಸೂತಿ ಹಾಕಿದ ಬಟ್ಟೆ ತಂದು ಅದಕ್ಕೆ ಹೊದಿಸಿದರು. ಅಂದಿನಿಂದ ಆ ಯಂತ್ರವನ್ನು ಮುಟ್ಟುವ ಧೈರ್ಯ ಬೇರೆ ಯಾರಿಗೂ ಬರಲಿಲ್ಲ. ನಿಜ ಹೇಳಬೇಕೆಂದರೆ ಅದನ್ನು ಚಾಲೂ ಮಾಡಲು ಬರುತ್ತಿದ್ದದ್ದೂ ಅವರೊಬ್ಬರಿಗೇ.

ಅದರೊಳಗಿನ ಲೆಕ್ಕದ ಹಾಳೆ ಅವರಿಗೆ ಬೇಗ ಒಲಿಯಿತು. ಅಂಕಿ ತುಂಬಿ, ಇಲಿಯಂಥ ಮೌಸನ್ನು ನಾಲ್ಕು ಸಲ ಒತ್ತಿದರೆ ಬಣ್ಣದ ಕಂಬಗಳು ಎದ್ದು ನಿಲ್ಲುತ್ತಿದ್ದವು. ನಾವು ಬೆರಗಾಗಿ ನೋಡುತ್ತಿದ್ದೆವು. ಅವರಿಗೆ ಮಾತ್ರ ಸಮಾಧಾನವಿಲ್ಲ. ಕೈಯಿಂದ ಗ್ರಾಫ್ ಬರೆಯುವ ಕಾಲದಲ್ಲಿ ಪ್ರತಿ ಕಂಬದ ನೆತ್ತಿಯ ಮೇಲೆ ಒಂದು ಸಣ್ಣ ಕಡ್ಡಿ ನಿಲ್ಲಿಸುತ್ತಿದ್ದರು. ಮೇಲೆ ಕೆಳಗೆ ಎರಡು ತುದಿಗೂ ಅಡ್ಡ ಗೆರೆ. ಕಂಬ ಹೇಳುವುದು ಸರಾಸರಿ. ಆ ಸರಾಸರಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಹೇಳುವುದು ಕಡ್ಡಿ. ಹೊಲಗಳ ಇಳುವರಿ ಒಂದಕ್ಕೊಂದು ಹತ್ತಿರ ಇದ್ದರೆ ಕಡ್ಡಿ ಗಿಡ್ಡ, ಚೆಲ್ಲಾಪಿಲ್ಲಿ ಇದ್ದರೆ ಉದ್ದ. ಪುಸ್ತಕದಲ್ಲಿ ಅದರ ಹೆಸರು ಎರರ್ ಬಾರ್. ಅವರು ಕರೆಯುತ್ತಿದ್ದದ್ದು ಗುಂಜಾಯಿಶ್ ಎಂದು, ಹೆಚ್ಚುಕಮ್ಮಿಗೆ ಬಿಟ್ಟ ಜಾಗ ಎಂಬ ಅರ್ಥದಲ್ಲಿ.

ಕಂಪ್ಯೂಟರಿನಲ್ಲಿ ಆ ಕಡ್ಡಿಯನ್ನು ಹುಡುಕಿ ತೆಗೆಯಲು ಅವರಿಗೆ ಕೆಲವು ದಿನ ಹಿಡಿಯಿತು. ಸಿಕ್ಕಾಗ ನನ್ನನ್ನು ಕೂಗಿ ಕರೆದರು. ಮೂರು ತಾಲೂಕಿನ ಕಂಬಗಳ ಮೇಲೂ ಒಂದೇ ಅಳತೆಯ ಕಡ್ಡಿಗಳು ಸಾಲಾಗಿ ನಿಂತಿದ್ದವು. ನೋಡಲು ಚೆಂದವಾಗಿತ್ತು, ನಾನು ಹಾಗೇ ಅಂದೆ.

“ಏನು ಚೆಂದ? ಆಳಂದದ ಹೊಲ, ಅಫಜಲಪುರದ ಹೊಲ, ನಿಮ್ಮ ಜೇವರ್ಗಿ ಹೊಲ, ಮೂರೂ ಒಂದೇ ಥರ ಹೆಚ್ಚುಕಮ್ಮಿ ಆಗ್ತಾವೇನ್ರಿ? ಈ ಮಿಶನ್ ತನ್ನ ಮನಸ್ಸಿಗೆ ಬಂದದ್ದು ಹಾಕಾಕತ್ತದ,” ಅಂದರು.

ಕೊನೆಗೆ ಕಡ್ಡಿಯ ಅಳತೆ ಆರಿಸಲು ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವ ಪೆಟ್ಟಿಗೆಯ ತಳದಲ್ಲಿ ಯಾರೂ ನೋಡದ ಒಂದು ಸಾಲು ಸಿಕ್ಕಿತು. ನಿನ್ನ ಅಂಕಿಯನ್ನು ನೀನೇ ಕೊಡು ಎಂದು ಕೇಳುವ ಸಾಲು. ಮೇಲಿನದಕ್ಕೆ ಬೇರೆ, ಕೆಳಗಿನದಕ್ಕೆ ಬೇರೆ. ಪ್ರತಿ ತಾಲೂಕಿನ ಲೆಕ್ಕವನ್ನು ತಾವೇ ಮಾಡಿ ಅಲ್ಲಿ ತೋರಿಸಿದರು. ಕಡ್ಡಿಗಳು ಒಂದು ಗಿಡ್ಡ, ಒಂದು ಮಧ್ಯಮ, ಒಂದು ಉದ್ದ ಆಗಿ ಕುಳಿತವು. ಅವತ್ತು ಯಾರೂ ಕೇಳದೆಯೇ ಎಲ್ಲರಿಗೂ ಶೇಂಗಾ ಬೆಲ್ಲ ಹಂಚಿದರು.

ಉದ್ದ ಕಡ್ಡಿಗೆ ಅವರು ಹೆದರುತ್ತಿರಲಿಲ್ಲ. ಗಿಡ್ಡ ಕಡ್ಡಿ ಕಂಡರೆ ಹುಬ್ಬು ಗಂಟಿಕ್ಕುತ್ತಿದ್ದರು. ಹಿಂದೊಂದು ವರ್ಷ ಸರಸಂಬಾದ ಹೊಲಗಳ ಕಡ್ಡಿ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದಾಗಿ ಬಂತು. ಆ ಊರಿಗೆ ಹೋಗಿ ಬಂದಿದ್ದ ನಮ್ಮ ಸಹೋದ್ಯೋಗಿಯನ್ನು ಕರೆದು, “ಅಣ್ಣಾ, ಯಾವ ಹೋಟೆಲ್ಲಿನಾಗ ಕುಂತು ಬರದ್ರಿ?” ಎಂದು ಮೆತ್ತಗೆ ಕೇಳಿದರು. ಅವನು ಬೆವತುಹೋದ. ಹೊಲ ಎಂದೂ ಅಷ್ಟು ಒಮ್ಮತದಿಂದ ಬೆಳೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಬರೆಯುವಾಗ ಮರೆತಿದ್ದ. ಮೇಡಂ ಅದನ್ನು ಸಾಹೇಬರವರೆಗೆ ಒಯ್ಯಲಿಲ್ಲ. ಮರುದಿನ ಅವನೇ ಬಸ್ಸು ಹತ್ತಿ ಸರಸಂಬಾಕ್ಕೆ ಹೋದ.

ನಾನು ಅವರ ಜೊತೆ ನಿಜವಾಗಿ ಜಗಳವಾಡಿದ್ದು ತೊಗರಿಯ ವರ್ಷ. ನಮ್ಮ ಕಡೆ ತೊಗರಿಗೆ ನೆಟೆ ರೋಗ ಬರುತ್ತದೆ. ನಿನ್ನೆ ಹಸಿರಾಗಿದ್ದ ಗಿಡ ನಿಂತಲ್ಲೇ ಒಣಗುತ್ತದೆ. ಅದನ್ನು ತಡೆದುಕೊಳ್ಳುವ ಹೊಸ ಬೀಜವೊಂದು ಬಂದಿತ್ತು. ಆ ಚಳಿಗಾಲ ಜೇವರ್ಗಿಯ ಹೊಲಗಳಲ್ಲಿ ಅದನ್ನು ನಾನು ಕಣ್ಣಾರೆ ನೋಡಿದ್ದೆ. ಹಳೆಯ ತೊಗರಿ ಅಲ್ಲಲ್ಲಿ ಕಂದಿ ನಿಂತಿದ್ದರೆ ಪಕ್ಕದ ಹೊಸದು ಸೊಂಟಕ್ಕೆ ಕಾಯಿ ಕಟ್ಟಿಕೊಂಡಿತ್ತು. ಮುಂದಿನ ಮುಂಗಾರಿಗೆ ಈ ಬೀಜ ನಿಮಗೆ ಬರುತ್ತದೆ ಎಂದು ಊರೂರಲ್ಲಿ ಹೇಳಿ ಬಂದಿದ್ದೆ. ಮೇಲಿನವರ ಸಭೆಯಲ್ಲಿ ಗ್ರಾಫ್ ನೋಡಿ ಯಾವ ತಾಲೂಕಿಗೆ ಬೀಜ ಎಂದು ತೀರ್ಮಾನವಾಗುತ್ತಿತ್ತು.

ಗ್ರಾಫ್ ಬಂತು. ಆಳಂದ, ಅಫಜಲಪುರದಲ್ಲಿ ಹೊಸ ಬೀಜದ ಕಂಬ ಎತ್ತರ, ಕಡ್ಡಿ ಗಿಡ್ಡ. ಜೇವರ್ಗಿಯಲ್ಲಿ ಕಂಬ ತುಸುವೇ ಎತ್ತರ, ಕಡ್ಡಿ ಮಾತ್ರ ಇಷ್ಟುದ್ದ. ಕೆಳಗೆ ಇಳಿದು ಹಳೆಯ ಬೀಜದ ಕಂಬವನ್ನೂ ದಾಟಿತ್ತು. ಅದರ ಅರ್ಥ, ಜೇವರ್ಗಿಯಲ್ಲಿ ಹೊಸದು ಮೇಲೋ ಹಳೆಯದು ಮೇಲೋ ಹೇಳಲು ಬರುವುದಿಲ್ಲ ಎಂದು.

ಸಾಹೇಬರು ನೋಡಿದರು. “ಇವನ್ನ ತೆಗದು ಬಿಡ್ರಿ. ಬರೇ ಕಂಬ ಇರ್ಲಿ. ಎರರ್ ಅದ ಅಂತ ನಮ್ಮ ಕೆಲಸದ ಮ್ಯಾಲ ನಾವೇ ಬರಕೊಂಡು ಹೋಗೂದೇನು?”

“ತೆಗೀತೇನ್ರಿ. ಆದ್ರ ಕಂಬಾನೂ ತೆಗೀತೇನಿ,” ಅಂದರು ಮೇಡಂ.

“ನಿಮ್ಮನ್ನ ಟಪಾಲ್ ವಿಭಾಗಕ್ಕ ಹಾಕ್ತೇನಿ ನೋಡ್ರಿ.”

“ಹಾಕ್ರಿ. ಮಿಶನ್ ಹೆಂಗ ಬಂದ್ ಮಾಡೂದು ಅನ್ನೂದು ಇವರಿಗೆ ಹೇಳಿ ಹೋಗ್ತೇನಿ.” ಅವರು ನನ್ನ ಕಡೆ ಕೈ ತೋರಿಸಿದರು. ಸಾಹೇಬರು ನನ್ನನ್ನು ನೋಡಿ, ಯಂತ್ರವನ್ನು ನೋಡಿ, ಹೊರಗೆ ಹೋದರು.

ಆಮೇಲೆ ನನ್ನ ಸರದಿ. ಸಿಟ್ಟು ನೆತ್ತಿಗೇರಿತ್ತು. “ನೀವು ಆಳಂದದವರು. ನಿಮ್ಮ ಊರಿಗೆ ಬೀಜ ಬಂತು, ಹೊಟ್ಟಿ ತಣ್ಣಗಾತು. ನಮ್ಮ ಮಂದಿ ಇನ್ನೊಂದು ವರ್ಷ ಒಣಗಿದ ತೊಗರಿ ಕೀಳ್ಲಿ. ಒಂದು ಗೆರೆ ಸಲುವಾಗಿ,” ಅಂದೆ. ಊರಿನ ಮಾತು ಎತ್ತಬಾರದಿತ್ತು, ಎತ್ತಿಬಿಟ್ಟೆ.

ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. “ಹೊಲದಾಗ ಚಲೋ ಇತ್ತು ಅಂತೀರಿ?”

“ನನ್ನ ಕಣ್ಣಿಲೆ ನೋಡೀನಿ.”

“ಮತ್ತ ತೂಕದಾಗ ಎಲ್ಲಿ ಹೋತು?” ಅಂದರು. “ಬರೇ ನನ್ನ ಜೋಡಿ ಜಗಳಾಡಿದ್ರ ಕಡ್ಡಿ ಗಿಡ್ಡ ಆಗಂಗಿಲ್ಲ. ನೆಲೋಗಿಗೆ ನಡ್ರಿ, ಕೇಳೂಣು.”

ಜೀಪಿನಲ್ಲಿ ಅವರಿಗೆ ವಾಂತಿ ಬರುತ್ತಿತ್ತು. ಹಾಗಾಗಿ ಹೊಲದ ಕಡೆ ಬರುವವರೇ ಅಲ್ಲ. ಅವತ್ತು ಮುಂದಿನ ಸೀಟಿನಲ್ಲಿ ಕುಳಿತು, ಬಾಯಲ್ಲಿ ಹುಣಸೆಹಣ್ಣಿನ ಉಂಡೆ ಇಟ್ಟುಕೊಂಡು, ದಾರಿಯುದ್ದಕ್ಕೂ ಒಂದೂ ಮಾತಾಡದೆ ಬಂದರು. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲ ಸಲ.

ನೆಲೋಗಿಯಲ್ಲಿ ನಮ್ಮ ಪ್ರಯೋಗದ ತೊಗರಿ ಬೆಳೆದ ಗೌಡರ ಮನೆಗೆ ಹೋದೆವು. ಪಡಸಾಲೆಯಲ್ಲಿ ಗೌಡರ ತಾಯಿ ಬತ್ತಿ ಹೊಸೆಯುತ್ತ ಕುಳಿತಿದ್ದರು. ಮೇಡಂ ಸೆರಗು ತಲೆಯ ಮೇಲೆ ಎಳೆದುಕೊಂಡು ಅವರ ಪಕ್ಕದಲ್ಲೇ ನೆಲದ ಮೇಲೆ ಕುಳಿತರು.

“ಅವ್ವಾ, ಹೊಸ ತೊಗರಿ ಹೆಂಗ ಬಂದಿತ್ರಿ?”

“ಬಂಗಾರಧಂಗ ಬಂದಿತ್ತವ್ವಾ. ಆಯಗಾರರು ಹಳೇ ರಾಶಿ ಮುಟ್ಟಲೇ ಇಲ್ಲ. ಎಲ್ಲಾರೂ ಇದನ್ನೇ ಹಾಕ್ರಿ, ಇದನ್ನೇ ಹಾಕ್ರಿ ಅಂದ್ರು.”

ನಾನು ಮತ್ತು ಮೇಡಂ ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆ ಕಣದಲ್ಲಿ ರಾಶಿಯಾದ ಮೇಲೆ, ಧಾನ್ಯ ಮನೆಗೆ ಹೋಗುವ ಮುಂಚೆ, ವರ್ಷವಿಡೀ ದುಡಿದ ಬಡಿಗೇರ, ಕಂಬಾರ, ಕ್ಷೌರದ ಹಡಪದ, ಅಗಸ, ಎಲ್ಲರಿಗೂ ಮೊರದಲ್ಲಿ ಆಯ ಹಾಕುವುದು ಪದ್ಧತಿ. ಜಂಗಮರು, ಫಕೀರರು ಬಂದರೆ ಅವರಿಗೂ ಉಂಟು. ಇದು ನನಗೆ ಗೊತ್ತಿಲ್ಲದ್ದಲ್ಲ, ನಾನು ಈ ಕಣಗಳಲ್ಲೇ ಆಡಿ ಬೆಳೆದವನು. ಗೊತ್ತಿದ್ದದ್ದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಕಚೇರಿಗೆ ಇದ್ದದ್ದು ಒಂದೇ ಜೀಪು, ಒಂದೇ ತಕ್ಕಡಿ. ಮೊದಲು ಆಳಂದ, ಆಮೇಲೆ ಅಫಜಲಪುರ, ಕೊನೆಗೆ ಜೇವರ್ಗಿ. ಮೊದಲಿನ ಎರಡು ಕಡೆ ರಾಶಿ ಇನ್ನೂ ಪೂರ್ತಿ ಇರುವಾಗ ತೂಗುತ್ತಿದ್ದೆವು. ಇಲ್ಲಿಗೆ ಬರುವಷ್ಟರಲ್ಲಿ ಹಂಚಿ ಮುಗಿದಿರುತ್ತಿತ್ತು. ಬೀಜ ಚಲೋ ಬಂದ ಹೊಲದ ರಾಶಿಯೇ ಹೆಚ್ಚು ಹೋಗಿತ್ತು. ಕೈ ದೊಡ್ಡದಿದ್ದ ಮನೆಯಲ್ಲಿ ಇನ್ನೂ ಹೆಚ್ಚು. ನಾವು ಉಳಿದದ್ದನ್ನು ತೂಗಿ ಇಳುವರಿ ಎಂದು ಬರೆದುಕೊಂಡಿದ್ದೆವು.

“ಎಷ್ಟು ಹಾಕಿದ್ರಿ ಅವ್ವಾ? ಅಂದಾಜಿಲೆ ಹೇಳ್ರಿ,” ಎಂದು ನಾನು ಆಸೆಯಿಂದ ಕೇಳಿದೆ. ಅಷ್ಟನ್ನು ಕೂಡಿಸಿದರೆ ಮುಗಿಯಿತಲ್ಲ.

ಮುದುಕಿ ಬತ್ತಿ ಕೆಳಗಿಟ್ಟು ನನ್ನನ್ನು ಕೆಕ್ಕರಿಸಿ ನೋಡಿದರು. “ಕಣದಾಗ ಕೊಟ್ಟಿದ್ದು ಯಾರರೆ ಎಣಸ್ತಾರೇನೋ ತಮ್ಮಾ? ಅಂದೋಲದಾಗ ಹುಟ್ಟಿ ಹಿಂಗ ಕೇಳ್ತಿ?”

ಹೊರಗೆ ಬಂದ ಮೇಲೆ ನಾನು ಮೇಡಂಗೆ ಹೇಳಿದೆ, ಕಾರಣ ಗೊತ್ತಾಯಿತು, ಇನ್ನು ಒಂದು ಅಂದಾಜು ಸೇರಿಸಿಬಿಡಿ ಎಂದು. ಅವರು ಕಣದ ಕಡೆ ನೋಡಿದರು. “ನಂಗೂ ಸೇರಸಬೇಕು ಅನಸ್ತದ. ಆದ್ರ ನಕ್ಕೋ, ಬ್ಯಾಡ. ಇವತ್ತು ಖರೇ ಸಲುವಾಗಿ ಸುಳ್ಳು ಸೇರಸಿದ್ರ, ನಾಳೆ ಹೋಟೆಲ್ಲಿನಾಗ ಕುಂತು ಬರೆಯೋರಿಗೆ ನಾ ಏನು ಹೇಳ್ಲಿ?” ಅಂದರು. ಅವರ ಕಣ್ಣುಗಳು ತೇವವಾಗಿದ್ದವು. ಜೀಪಿನ ದೆಸೆಯಿಂದಲೋ ಬೇರೆ ಏನೋ, ನಾನು ಕೇಳಲಿಲ್ಲ.

ಸಭೆಯಲ್ಲಿ ಕಡ್ಡಿ ಇದ್ದಹಾಗೇ ಇತ್ತು. ಆಳಂದ, ಅಫಜಲಪುರಕ್ಕೆ ಬೀಜ ಬಂತು, ಜೇವರ್ಗಿಗೆ ಇನ್ನೊಂದು ವರ್ಷ ಪ್ರಯೋಗ ಎಂದಾಯಿತು. ಊರೂರಿಗೆ ಹೋಗಿ ಬೀಜ ಇಲ್ಲ ಎಂದು ಹೇಳುವ ಪಾಳಿ ನನ್ನದು. ಆ ಮುಂಗಾರು ಪೂರ್ತಿ ನಾನು ಅವರ ಶೇಂಗಾ ಮುಟ್ಟಲಿಲ್ಲ. ಅವರು ದಿನಾ ನನ್ನ ಮೇಜಿನ ಮೇಲೆ ಒಂದು ಹಿಡಿ ಇಟ್ಟು ಹೋಗುವುದನ್ನು ಬಿಡಲಿಲ್ಲ.

ಮುಂದಿನ ಸುಗ್ಗಿಗೆ ಅವರು ಹಟಹಿಡಿದು ಜೀಪನ್ನು ಮೊದಲು ಜೇವರ್ಗಿಗೆ ತಿರುಗಿಸಿದರು, ತಾವೂ ಬಂದರು. ನೆಲೋಗಿಯ ಕಣದಲ್ಲಿ ಆಯಗಾರರು ಮೊರ ಹಿಡಿದು ಕುಳಿತಿದ್ದರು. ಹಂಚುವ ಮುಂಚೆ ತೂಗಬೇಕು ಎಂದಾಗ ಗೌಡರು ಮುಖ ಸಣ್ಣದು ಮಾಡಿದರು. ಅವರ ತಾಯಿ ನೇರವಾಗಿಯೇ ಬೇಡವೆಂದರು. ಮೊದಲು ತೂಗಿ ಆಮೇಲೆ ಕೊಟ್ಟರೆ, ಮನೆಗೆ ಹೋಗಿ ಮತ್ತೆ ಅಳೆದಾಗ ಎಷ್ಟು ಕೊಟ್ಟೆವೆಂದು ತಾನಾಗಿ ಲೆಕ್ಕವಾಗುತ್ತದೆ. ಅದು ಕೊಟ್ಟ ಹಾಗಲ್ಲ. ಇನ್ನೊಂದು ವರ್ಷವೂ ಹೋಯಿತು ಎಂದು ನಾನು ತಲೆಯ ಮೇಲೆ ಕೈಹೊತ್ತು ನಿಂತೆ.

ಮೇಡಂ ಮುದುಕಿಯ ಕೈ ಹಿಡಿದುಕೊಂಡರು. “ಅವ್ವಾ, ಲೆಕ್ಕ ನಿಮಗ ಬ್ಯಾಡ, ನಮಗ ಬೇಕು. ನಾ ತೂಗ್ತೇನಿ, ನಿಮಗ ಹೇಳಂಗಿಲ್ಲ. ಗೌಡರಿಗೂ ಹೇಳಂಗಿಲ್ಲ. ನಡೀತದೇನ್ರಿ?”

ಮುದುಕಿ ಆಯಗಾರರ ಕಡೆ ನೋಡಿದರು. “ನಮ್ಮ ಕಿವೀಗೆ ಬೀಳಬಾರದು ನೋಡು.”

“ಬೀಳಂಗಿಲ್ರಿ.”

ಅವರ ದನಿ ಬಲ್ಲ ನಮಗೆ ಅದರ ಮೇಲೆ ಭರವಸೆ ಇರಲಿಲ್ಲ. ಆದರೆ ಅವತ್ತು ಅವರು ತುಟಿ ಬಿಚ್ಚಲಿಲ್ಲ. ಬೇವಿನ ಗಿಡಕ್ಕೆ ನೇತುಹಾಕಿದ ತಕ್ಕಡಿಯ ಮುಖವನ್ನು ಹೊಲದ ಕಡೆ ತಿರುಗಿಸಿದರು. ತಾವೊಬ್ಬರೇ ಆ ಕಡೆ ನಿಂತು, ಸೆರಗು ಮರೆ ಮಾಡಿ, ಚೀಲ ಚೀಲಕ್ಕೂ ಬಗ್ಗಿ ನೋಡಿ ಬರೆದುಕೊಂಡರು. ಕಣದಲ್ಲಿ ಎಲ್ಲರೂ ಬೇಕೆಂದೇ ಬೇರೆ ಕಡೆ ನೋಡುತ್ತ ನಿಂತಿದ್ದರು. ತೂಕ ಮುಗಿದ ಮೇಲೆ ಹಂಚಿಕೆ ನಡೆಯಿತು. ಬೇರೆ ಊರುಗಳಲ್ಲೂ ಹೀಗೇ ಮಾಡಿದೆವು, ಎಲ್ಲಿಯೂ ಯಾರೂ ಬೇಡ ಎನ್ನಲಿಲ್ಲ.

ಆ ವರ್ಷದ ಗ್ರಾಫಿನಲ್ಲಿ ಜೇವರ್ಗಿಯ ಹೊಸ ಬೀಜದ ಕಂಬ ಹಳೆಯದಕ್ಕಿಂತ ಬಹಳ ಎತ್ತರ. ಮೇಲಿನ ಕಡ್ಡಿ ಗೇಣಿನಿಂದ ಬೆರಳಿಗೆ ಇಳಿದಿತ್ತು. ಸಭೆಯಲ್ಲಿ ದೊಡ್ಡ ಸಾಹೇಬರೊಬ್ಬರು ಅದೇನು ಎಂದು ಕೇಳಿದಾಗ ನಮ್ಮ ಸಾಹೇಬರೇ ಎದ್ದು, ಕಡ್ಡಿ ಎಂದರೇನು, ಅದಿಲ್ಲದೆ ಕಂಬವನ್ನು ಏಕೆ ನಂಬಬಾರದು ಎಂದು ಸವಿಸ್ತಾರವಾಗಿ ವಿವರಿಸಿದರು. ಮೇಡಂ ಹಿಂದಿನ ಸಾಲಿನಲ್ಲಿ ಕುಳಿತು ಸದ್ದಾಗದ ಹಾಗೆ ಶೇಂಗಾ ಸುಲಿಯುತ್ತಿದ್ದರು. ನನ್ನ ಕಡೆ ಕೈ ಚಾಚಿದರು, ನಾನು ತೆಗೆದುಕೊಂಡೆ.

ಮುಂಗಾರು ಹಿಡಿದು ಮಿರಗದ ಮಳೆ ಬಿದ್ದಾಗ ಬೀಜದ ಚೀಲ ತುಂಬಿಕೊಂಡು ನೆಲೋಗಿಗೆ ಹೋದೆವು. ಅವರೂ ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡು ಬಂದರು. ಜನ ಸಾಲು ನಿಂತು ಒಯ್ದರು. ಹಡಪದ ಮಾತ್ರ, ಎರಡೆಕರೆ ಇನಾಮು ಹೊಲ ಇದ್ದವನು, ಚೀಲ ಮುಟ್ಟದೆ ಪಕ್ಕಕ್ಕೆ ನಿಂತಿದ್ದ.

“ಯಾಕಪ್ಪ, ಬ್ಯಾಡೇನು?” ಅಂದೆ.

“ಬ್ಯಾರೇದವ್ರಿಗೆ ಕೊಡ್ರಿ ಸಾಹೇಬ್ರ. ನಂದು ಅದ.”

ಮನೆಗೆ ಕರೆದೊಯ್ದು ಒಂದು ಗಡಿಗೆಯ ಬಾಯಿ ಬಿಚ್ಚಿದ. ಬೂದಿ ಬೆರೆಸಿಟ್ಟ ತೊಗರಿ. ಮೇಡಂ ಒಂದು ಕಾಳು ತೆಗೆದು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದರು. ನಮ್ಮದೇ ಬೀಜ. ಮೊದಲ ವರ್ಷ ಗೌಡರ ಕಣದಿಂದ ಬಂದ ಆಯವನ್ನು ಅವನು ಉಣ್ಣದೆ ಇಟ್ಟು, ನಾವು ಬೀಜ ಇಲ್ಲ ಎಂದು ಹೇಳಿ ಹೋದ ಮುಂಗಾರಿಗೇ ಬಿತ್ತಿದ್ದ. ಬಡಿಗೇರನೂ ಬಿತ್ತಿದ್ದನಂತೆ. ಅಗಸನ ಹೆಂಡತಿ ತವರಿಗೂ ಒಂದಿಷ್ಟು ಕಳಿಸಿದ್ದಳಂತೆ. ನಾನು ಒಂದು ವರ್ಷ ಯಾರ ಸಲುವಾಗಿ ಸಿಟ್ಟು ಹೊತ್ತು ತಿರುಗಿದ್ದೆನೋ ಅವರು ನಮ್ಮ ಸಭೆಗೆ ಕಾದಿರಲೇ ಇಲ್ಲ.

“ಒಣಗಲಿಲ್ಲೇನು?” ಎಂದರು ಮೇಡಂ. ಅವರ ದನಿ ಅಷ್ಟು ಸಣ್ಣಗೆ ಬಂದದ್ದಕ್ಕೆ ನನಗೆ ಆಶ್ಚರ್ಯವಾಯಿತು.

“ಇಲ್ರಿ ಆಪಾ. ಮನಿಗೂ ಸಾಕಾತು, ಕೊಡಾಕೂ ಉಳೀತು. ನೀವೂ ಒಂದೀಟು ಒಯ್ರಿ, ಆಳಂದದಾಗ ಹಿತ್ತಲದಾಗ ಹಾಕ್ರಿ.”

ನಾನು ಜೀಪಿನಿಂದ ಚೀಲ ತರಲೇ ಎಂದೆ. ಅವರು ಬೇಡವೆಂದು ತಲೆಯಾಡಿಸಿ, ಕೆಳಗೆ ಕುಳಿತು, ಎರಡೂ ಕೈಯಿಂದ ಸೆರಗು ಹರಡಿದರು.

ಹಡಪದ ಗಡಿಗೆಯೊಳಗೆ ಕೈ ಹಾಕಿ, “ಎಷ್ಟು ಹಾಕ್ಲಿ ಆಪಾ?” ಅಂದ.

“ನಿನ್ನ ಕೈಗೆ ಬಂದಷ್ಟು ಹಾಕಪ್ಪ,” ಅಂದರು.